ಮೂರನೆಯ ಕಾಲಂ

ಹನ್ನೊಂದು ಗಂಟೆಗೆ ಸರಿಯಾಗಿ ಮನೆಯಲ್ಲಿ ಎರಡು ಅಲಾರಂಗಳು ಒಟ್ಟಿಗೆ ಬಡಿದುಕೊಂಡವು. ಒಂದು ಅಳಿಯನ ಫೋನಿನದು, ಇನ್ನೊಂದು ಕೋಣೆಯೊಳಗಿದ್ದ ಅತ್ತೆಯದು. ಅಳಿಯ ಊಟದ ಮೇಜಿನ ಮುಂದಿನಿಂದ ಎದ್ದು, ಸೊಂಟ ಹಿಡಿದುಕೊಂಡು, ಹಾಲ್‌ನ ನೆಲದ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿದ. ಅವನ ಬೆನ್ನು ನೆಲಕ್ಕೆ ತಾಗುವುದಕ್ಕೂ ಕೋಣೆಯ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು.

ಕಪ್ಪು ಕನ್ನಡಕ ಹಾಕಿಕೊಂಡ ಅತ್ತೆ ಗೋಡೆ ಹಿಡಿದುಕೊಂಡು ಬಂದು ಅವನ ಕಾಲ ಬಳಿ ನಿಂತರು.

"ಏಳ್ಬೇಡಿ ಅಳಿಯಂದಿರೇ, ಏಳ್ಬೇಡಿ. ನಾನು ಆ ಕಡೆಯಿಂದ ಹೋಗ್ತೀನಿ."

"ಈಗಷ್ಟೇ ಮಲಗಿದ್ದು ಅತ್ತೆ. ಇಷ್ಟೊತ್ತೂ ಕೆಲಸ ಮಾಡ್ತಿದ್ದೆ."

"ಅಯ್ಯೋ, ನಾನೇನಾದ್ರೂ ಅಂದ್ನಾ? ಹತ್ತು ಗಂಟೆಗೂ ಈಗಷ್ಟೇ ಮಲಗಿದ್ರಿ. ಒಂಬತ್ತಕ್ಕೂ ಈಗಷ್ಟೇ."

ಅವರು ಫ್ರಿಜ್ ತೆಗೆದು ಔಷಧದ ಪುಟ್ಟ ಬಾಟಲಿ ಹೊರತೆಗೆದರು. ಕುರ್ಚಿಯಲ್ಲಿ ಕೂತು ತಲೆ ಹಿಂದಕ್ಕೆ ಚೆಲ್ಲಿ ಬಲಗಣ್ಣಿಗೆ ಒಂದು ಹನಿ ಬಿಟ್ಟುಕೊಂಡರು. ಆಮೇಲೆ ಫ್ರಿಜ್ ಬಾಗಿಲಿಗೆ ಅಂಟಿಸಿದ್ದ ಕಾಗದದ ಮೇಲೆ ಪೆನ್ಸಿಲ್ ಗೀಚಿದ ಸದ್ದು. ಹನಿ ಹಾಕಿಕೊಂಡದ್ದನ್ನು ಗುರುತು ಮಾಡಲು ಇಷ್ಟು ಹೊತ್ತು ಏಕೆ ಬೇಕು ಎಂದು ಅಳಿಯನಿಗೆ ಅನ್ನಿಸಿತು. ಆದರೆ ಬೆನ್ನು ನೋಯುತ್ತಿರುವ ಮನುಷ್ಯ ಬೇರೆಯವರ ಪೆನ್ಸಿಲಿನ ಬಗ್ಗೆ ಎಷ್ಟೆಂದು ಯೋಚಿಸಿಯಾನು?

ಅತ್ತೆಗೆ ಕಣ್ಣಿನ ಪೊರೆ ತೆಗೆಸಿ ಒಂದು ವಾರವಾಗಿತ್ತು. ಚೇತರಿಸಿಕೊಳ್ಳುವವರೆಗೆ ಮಗಳ ಮನೆಯಲ್ಲಿರಲು ಬಂದಿದ್ದರು. ಎಚ್ಚರವಿದ್ದಷ್ಟು ಹೊತ್ತೂ ಗಂಟೆಗೊಂದು ಹನಿ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಬೆಳಕು ಚುಚ್ಚುತ್ತದೆಂದು ಉಳಿದ ಸಮಯ ಕೋಣೆಯ ಬಾಗಿಲು ಹಾಕಿಕೊಂಡು ರೇಡಿಯೋ ಕೇಳುತ್ತಿದ್ದರು. ಇತ್ತ ಅಳಿಯನಿಗೆ ಬೆನ್ನಿನ ಡಾಕ್ಟರು ಹೇಳಿದ್ದು, ಗಂಟೆಗೊಮ್ಮೆ ಗಟ್ಟಿ ನೆಲದ ಮೇಲೆ ಐದು ನಿಮಿಷ ಮಲಗಬೇಕು ಎಂದು. ಗಂಟೆಗೊಮ್ಮೆ ಎಂದರೆ ಗಂಟೆ ಹೊಡೆಯುವಾಗಲೇ ಎಂದು ಇಬ್ಬರಲ್ಲಿ ಯಾವ ಡಾಕ್ಟರೂ ಹೇಳಿರಲಿಲ್ಲ. ಆದರೆ ಅಲಾರಂ ಇಡುವಾಗ ಹನ್ನೊಂದೂ ಹದಿನೇಳಕ್ಕೆ ಇಡುವವರು ಯಾರಿದ್ದಾರೆ?

ಬೆನ್ನು ಉಳುಕಿದ್ದು ಆಫೀಸಿನ ಲಿಫ್ಟಿನಿಂದ ಇಳಿಯುವಾಗ. ಆ ಲಿಫ್ಟನ್ನು ನಡೆಸುತ್ತಿದ್ದ ಪ್ರೋಗ್ರಾಂ ಅವನದೇ ಕಂಪನಿಯದು, ಮುಕ್ಕಾಲು ಭಾಗ ಅವನದೇ ಕೈಯದು. ಲಿಫ್ಟು ಎಲ್ಲಿ ನಿಲ್ಲಬೇಕು, ಬಾಗಿಲು ಯಾವಾಗ ತೆರೆಯಬೇಕು ಎಂದು ನಿರ್ಧರಿಸುವ ಪೆಟ್ಟಿಗೆಯನ್ನು ಅವರು ತಯಾರಿಸುತ್ತಿದ್ದರು. ಹೊಸ ಮಾದರಿಯನ್ನು ಮೊದಲು ತಮ್ಮ ಕಟ್ಟಡದಲ್ಲೇ ಹಾಕಿ ನೋಡಿದರು. ಅದು ಯಾವ ಮಹಡಿಗೆ ಏರಿದರೂ ನಾಲ್ಕು ಬೆರಳು ಮೇಲೆ ನಿಲ್ಲುತ್ತಿತ್ತು. ಮುಗ್ಗರಿಸದೆ ಇಳಿದವರಿಲ್ಲ. ಆ ವಾರ ಎಲ್ಲರೂ ಆಫೀಸಿಗೆ ನಮಸ್ಕಾರ ಮಾಡುತ್ತಲೇ ಒಳಗೆ ಬಂದರು. ಅಳಿಯ ಮಾತ್ರ ಸಾಷ್ಟಾಂಗ ಬಿದ್ದ. ಆಫೀಸಿನವರು ಎರಡು ವಾರ ಮನೆಯಲ್ಲೇ ಇರಿ ಎಂದರು. ಲಿಫ್ಟಿನಲ್ಲಿರುವಂಥದೇ ಇನ್ನೊಂದು ಸರ್ಕ್ಯೂಟ್ ಬೋರ್ಡನ್ನೂ ಅದಕ್ಕೆ ಬೇಕಾದ ವೈರುಗಳನ್ನೂ ಒಂದು ಡಬ್ಬದಲ್ಲಿ ತುಂಬಿ ಹಿಂದೆಯೇ ಕಳಿಸಿದರು.

ಬ್ರೇಕು ಹಾಕಬೇಕಾದ ಹೊತ್ತಿಗೆ ಪ್ರೊಸೆಸರ್ ಬೇರೆ ಏನೋ ಮಾಡುತ್ತಿರುತ್ತದೆ, ಅದಕ್ಕೇ ತಡ ಎಂಬುದು ಗೊತ್ತಾಗಿತ್ತು. ಸಮಯ ತಿನ್ನುತ್ತಿರುವವರು ಯಾರು ಎಂಬುದು ಗೊತ್ತಾಗಬೇಕಿತ್ತು. ಅದಕ್ಕೆಂದೇ ಪ್ರೊಫೈಲರ್ ಎಂಬ ಸಾಧನವಿದೆ. ಅದು ಸೆಕೆಂಡಿಗೆ ಸಾವಿರ ಸಲ ಬಂದು, "ಈಗ ಯಾರ ಕೆಲಸ ಮಾಡ್ತಿದೀಯ?" ಎಂದು ಪ್ರೊಸೆಸರನ್ನು ಕೇಳಿ ಬರೆದುಕೊಳ್ಳುತ್ತದೆ. ಕೊನೆಗೆ ಯಾರ ಹೆಸರು ಹೆಚ್ಚು ಸಲ ಬಂದಿದೆಯೋ ಅವನೇ ಕಳ್ಳ.

ಮೊದಲ ದಿನ ಪ್ರೊಫೈಲರ್ ತೋರಿಸಿದ ಕಳ್ಳ ಲಿಫ್ಟಿನಲ್ಲಿ ಸಂಗೀತ ನುಡಿಸುವ ಫಂಕ್ಷನ್, ಎಂದರೆ ಪ್ರೋಗ್ರಾಮಿನೊಳಗೆ ಆ ಒಂದೇ ಕೆಲಸ ಮಾಡುವ ತುಂಡು. ಅದನ್ನು ತೆಗೆದುಹಾಕಿ ಎರಡು ವರ್ಷವಾಗಿತ್ತು. ಸತ್ತವನ ಮೇಲೆ ಕೇಸು ಹಾಕಿದಂತಾಯಿತು. ಸಾಧನಕ್ಕೆ ಮೆಮೊರಿಯ ಯಾವ ವಿಳಾಸದಲ್ಲಿ ಯಾವ ಫಂಕ್ಷನ್ ಇದೆಯೆಂಬ ಹಳೆಯ ಪಟ್ಟಿ ಕೊಟ್ಟಿದ್ದೇ ಕಾರಣವೆಂದು ಪತ್ತೆಹಚ್ಚಲು ಅರ್ಧ ದಿನ ಹಿಡಿಯಿತು. ಹೊಸ ಪಟ್ಟಿ ಕೊಟ್ಟ. ಈಗ ಬಂದ ಹೆಸರು ನೋಡಿ, ಸತ್ತವನೇ ವಾಸಿ ಎನ್ನಿಸಿತು.

ನೂರಕ್ಕೆ ಎಂಬತ್ತಮೂರು ಸಲ ಸಿಕ್ಕಿಬಿದ್ದವನು 'ಕಾವಲುಗಾರ'.

ಕಾವಲುಗಾರ ಎಂದರೆ ಎರಡು ಬಾಗಿಲುಗಳ ನಡುವೆ ಏನಾದರೂ ಸಿಕ್ಕಿಕೊಂಡಿದೆಯೇ ಎಂದು ಸೆಕೆಂಡಿಗೆ ಸಾವಿರ ಸಲ ನೋಡುವ ಫಂಕ್ಷನ್. ನಲವತ್ತೇ ಸಾಲು. ಅಳಿಯ ಬರೆದದ್ದರಲ್ಲೆಲ್ಲ ಅವನಿಗೆ ಹೆಚ್ಚು ಪ್ರೀತಿಯದು. ಮೂರು ವರ್ಷದ ಹಿಂದೆ, ಹಳೆಯ ಮಾದರಿಯ ಬಾಗಿಲು ಆಫೀಸಿನಲ್ಲಿ ನೆಲ ಒರೆಸುವ ಅಮ್ಮನ ಕೋಲನ್ನು ಕಚ್ಚಿ ಮುರಿದಿತ್ತು. ಆಕೆ ಎರಡು ತುಂಡನ್ನೂ ತಂದು ಅವನ ಮೇಜಿನ ಮೇಲಿಟ್ಟು, "ಕೋಲಾಗಿದ್ದಕ್ಕೆ ಒಂದಿದ್ದದ್ದು ಎರಡಾಯ್ತು ಸಾರ್. ಬೆರಳಾಗಿದ್ರೆ ಐದಿದ್ದದ್ದು ನಾಲ್ಕಾಗೋದು," ಎಂದಿದ್ದರು. ಅವನು ಆ ವಾರವೇ ಕಾವಲುಗಾರನನ್ನು ಬರೆದ.

ಸೋಮವಾರ ಮಧ್ಯಾಹ್ನ ಮೇನೇಜರಿಗೆ ಫೋನ್ ಮಾಡಿ ವಿಷಯ ಹೇಳಿದ್ದೇ ತಪ್ಪಾಯಿತು.

"ಎಂಬತ್ಮೂರಾ! ಇನ್ನೇನಯ್ಯಾ ಬೇಕು, ಕಳ್ಳ ಸಿಕ್ಕಿಬಿದ್ದ. ಶುಕ್ರವಾರ ಗಿರಾಕಿಗಳು ನೋಡೋಕೆ ಬರ್ತಾರೆ. ಅಷ್ಟರೊಳಗೆ ಅವನನ್ನ ಕಮ್ಮಿ ಮಾಡು. ಅರ್ಧ ಸೆಕೆಂಡಿಗೊಂದ್ಸಲ ನೋಡಿದ್ರೆ ಸಾಕು."

"ಅರ್ಧ ಸೆಕೆಂಡಲ್ಲಿ ಬಾಗಿಲು ಒಂದು ಗೇಣು ಮುಚ್ಚುತ್ತೆ ಸಾರ್."

"ಗೇಣು ತಾನೆ?"

"ಸಾರ್, ಕೈ ಸಿಕ್ಕಿದ್ರೆ..."

"ಕೈ ಯಾಕೆ ಹಾಕ್ತಾರೆ? ಬೋರ್ಡ್ ಬರೆಸೋಣ, ಕೈ ಹಾಕಬೇಡಿ ಅಂತ. ಅದಿರ್ಲಿ, ಹೊಸ ಡಿಸ್‌ಪ್ಲೇಲಿ ಬಾಣ ಚೆನ್ನಾಗಿ ಬರ್ತಿದೆ ತಾನೆ?"

ಬಾಣ ಚೆನ್ನಾಗಿಯೇ ಬರುತ್ತಿತ್ತು. ಲಿಫ್ಟು ಮೇಲೇರುವಾಗ ಮಹಡಿಯ ಸಂಖ್ಯೆಯ ಪಕ್ಕದಲ್ಲಿ ಏರುವ ಆ ಬಾಣವನ್ನು ಹತ್ತು ವರ್ಷದ ಹಿಂದೆ, ಇನ್ನೂ ಮೇನೇಜರ್ ಆಗಿಲ್ಲದ ಕಾಲದಲ್ಲಿ, ಅವರು ಕೈಯಾರೆ ಬರೆದಿದ್ದರು. ಪ್ರೋಗ್ರಾಮಿನಲ್ಲಿ ಅವರದೆಂದು ಉಳಿದಿದ್ದದ್ದು ಅದೊಂದೇ. ಕಳೆದ ತಿಂಗಳು ಅದಕ್ಕೆ ಏಳು ಬಣ್ಣದ ಬಾಲವನ್ನೂ ಅವರೇ ಹಚ್ಚಿದ್ದರು. ಬಂದವರಿಗೆಲ್ಲ ಅದನ್ನು ತೋರಿಸಲು ಲಿಫ್ಟಿನಲ್ಲಿ ಸುಮ್ಮನೆ ಮೇಲೆ ಕೆಳಗೆ ಕರೆದುಕೊಂಡು ಹೋಗುತ್ತಿದ್ದರು. ಬಾಣದ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ. ಅನುಮಾನ ಬಂದಿದ್ದವರು ತುಟಿ ಎರಡು ಮಾಡಿರಲಿಲ್ಲ.

ಕಾವಲುಗಾರ ಕಳ್ಳನಲ್ಲ ಎಂದು ಅಳಿಯನ ಮನಸ್ಸು ಹೇಳುತ್ತಿತ್ತು. ಹಾಗೆಂದು ಮನಸ್ಸನ್ನು ಸಾಕ್ಷಿಗೆ ಕರೆದರೆ ಮೇನೇಜರು ಕೇಳುತ್ತಾರೆಯೇ? ಅವನು ಸಾಧನದ ಮೇಲೆಯೇ ಬಿದ್ದ. ಕೇಬಲ್ ಬದಲಿಸಿದ. ಪ್ರೊಫೈಲರನ್ನು ಅಳಿಸಿ ಮತ್ತೆ ಹಾಕಿದ. ಕಂಪ್ಯೂಟರನ್ನು ಆರಿಸಿ, ಹತ್ತು ಎಣಿಸಿ, ಮತ್ತೆ ಹಚ್ಚಿದ. ಬೋರ್ಡು ಬಿಸಿಯಾಗಿದೆಯೋ ಏನೋ ಎಂದು ಅದಕ್ಕೆ ಹೆಂಡತಿಯ ಟೇಬಲ್ ಫ್ಯಾನ್ ಇಟ್ಟ. ಪ್ರತಿ ಸಲವೂ ಎಂಬತ್ತಮೂರು, ಎಂಬತ್ತನಾಲ್ಕು, ಮತ್ತೆ ಎಂಬತ್ತಮೂರು. ನಲವತ್ತು ಸಾಲನ್ನು ನಲವತ್ತು ಸಲ ಓದಿದ. ಮಂಗಳವಾರದ ಹೊತ್ತಿಗೆ, ನಾನೇ ಏನೋ ದರಿದ್ರ ಬರೆದಿದ್ದೇನೆ ಎಂಬ ಅನುಮಾನ ಶುರುವಾಗಿ, ಅವನಿಗೆ ನಿಜವಾಗಿಯೂ ಅಳು ಬಂತು.

ಅಂಥ ಹೊತ್ತಿನಲ್ಲೇ ನೀರು ಕುಡಿಯಲು ಎದ್ದವನಿಗೆ ಫ್ರಿಜ್ ಮೇಲಿನ ಕಾಗದ ಕಣ್ಣಿಗೆ ಬಿತ್ತು.

ಗೆರೆ ಎಳೆದು ಮೂರು ಕಾಲಂ ಮಾಡಿತ್ತು. ಮೊದಲನೆಯದು 'ಸಮಯ'. ಎರಡನೆಯದು 'ಹನಿ'. ಇವೆರಡನ್ನು ಬರೆದದ್ದು ಹೆಂಡತಿ. ಮೂರನೆಯ ಕಾಲಂ ಆಮೇಲೆ ಸೇರಿದ್ದು, ಅತ್ತೆಯ ದುಂಡನೆಯ ಅಕ್ಷರ: 'ಅಳಿಯಂದಿರು'. ಅದರ ಕೆಳಗೆ ಒಂಬತ್ತಕ್ಕೆ ಮಲಗಿದ್ದಾರೆ, ಹತ್ತಕ್ಕೆ ಮಲಗಿದ್ದಾರೆ, ಹನ್ನೊಂದಕ್ಕೆ ಮಲಗಿದ್ದಾರೆ. ಸೋಮವಾರ ಮೂರು ಗಂಟೆಗೆ, 'ಮಲಗಿದ್ದಾರೆ, ಬಾಯಿ ತೆರೆದುಕೊಂಡು'. ಸೋಮವಾರದ ಕೊನೆಗೆ ಅಡ್ಡಗೆರೆ ಹಾಕಿ ಮೊತ್ತ: 'ಹನ್ನೆರಡಕ್ಕೆ ಹನ್ನೆರಡು'. ಕೆಳಗೆ ಸಹಿ ಕೂಡ ಇತ್ತು.

ಅತ್ತೆ ಮೂವತ್ತೊಂದು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಕಂಡದ್ದನ್ನು ಕಂಡ ಸಮಯದೊಂದಿಗೆ ಬರೆದು ಸಹಿ ಹಾಕದಿದ್ದರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ.

ಸಂಜೆ ಹೆಂಡತಿ ಬಂದಾಗ ಅವನು ಅದನ್ನು ತೋರಿಸಿದ. ಅವಳು ಹಲ್ಲಿನ ಡಾಕ್ಟರು. ಬೆಳಿಗ್ಗೆ ಕ್ಲಿನಿಕ್ಕಿಗೆ ಹೋದರೆ ಬರುವುದು ಸಂಜೆಗೇ.

"ನಿಮ್ಮಮ್ಮನಿಗೆ ನಾನು ಸೋಮಾರಿ ಅಂತ ಖಾತ್ರಿಯಾಗಿಬಿಟ್ಟಿದೆ ಕಣೇ."

"ಬೆನ್ನು ನೋವು ಅಂತ ಹೇಳಿದೀನಿ ರೀ. 'ಬೆನ್ನು ನೋವು ಐದು ನಿಮಿಷ, ನಿದ್ದೆ ಐವತ್ತೈದು ನಿಮಿಷ' ಅಂತಾಳೆ. ಹೊಟ್ಟೆಗೆ ಹಾಕ್ಕೊಳ್ಳಿ. ಇನ್ನು ಹತ್ತು ದಿನ."

ಬುಧವಾರ ರಾತ್ರಿ ಮೂವರೂ ಊಟಕ್ಕೆ ಕೂತರು. ಮೇಜಿನ ಅರ್ಧದಲ್ಲಿ ತಟ್ಟೆಗಳು, ಇನ್ನರ್ಧದಲ್ಲಿ ಮಿಣಮಿಣ ಎನ್ನುವ ಬೋರ್ಡು. ಅಳಿಯನಿಗೆ ತಡೆಯಲಾಗಲಿಲ್ಲ. ಕಾವಲುಗಾರ, ಎಂಬತ್ತಮೂರು, ಶುಕ್ರವಾರ, ಒಂದು ಗೇಣು ಎಲ್ಲವನ್ನೂ ಹೇಳಿಕೊಂಡ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಗುತ್ತೆ," ಎಂದ. "ಆದ್ರೆ ನಾನೇನ್ ಮಾಡ್ಲಿ? ಯಾವಾಗ ನೋಡಿದ್ರೂ ಅವನೇ ಸಿಕ್ಕಿಬೀಳ್ತಾನೆ."

ಅತ್ತೆ ಕಪ್ಪು ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡರು.

"ಅಳಿಯಂದಿರೇ, ನಿಮ್ಮ ತಪಾಸಣೆಯವನು ಎಲ್ಲಿ ಹತ್ತುತ್ತಾನೆ?"

"ಎಲ್ಲಿ ಹತ್ತುತ್ತಾನೆ ಅಂದ್ರೆ?"

"ಏಳನೇ ನಂಬರ್ ಬಸ್ಸಲ್ಲಿ ಒಬ್ಬ ಕಂಡಕ್ಟರ್ ಇದ್ದ. ನಾನು ಯಾವತ್ತು ಹತ್ತಿದ್ರೂ ಇಪ್ಪತ್ತು ಜನರ ಹತ್ರ ಟಿಕೆಟ್ ಇರ್ತಿರ್ಲಿಲ್ಲ. ಮೂರು ಸಲ ಬರೆದೆ. ಮೂರನೇ ಸಲ ಅವನನ್ನ ಹದಿನೈದು ದಿನ ಮನೇಲಿ ಕೂರಿಸಿದ್ರು. ತಪ್ಪು ಯಾರದು ಗೊತ್ತಾ? ನಂದು. ಮನೆ ಹತ್ರ ಅಂತ ನಾನು ಯಾವಾಗಲೂ ಮಾರ್ಕೆಟ್ ಸ್ಟಾಪಲ್ಲೇ ಹತ್ತೋಳು. ಅಲ್ಲಿ ಒಂದೇ ಸಲಕ್ಕೆ ನಲವತ್ತು ಜನ ಬುಟ್ಟಿ, ಚೀಲ ಸಮೇತ ನುಗ್ತಾರೆ. ಅವನು ಇನ್ನೂ ಟಿಕೆಟ್ ಕೊಡೋಕೆ ಶುರುನೇ ಮಾಡಿರಲ್ಲ, ಅಷ್ಟರಲ್ಲಿ ನಾನು ತೋರ್ಸಿ ತೋರ್ಸಿ ಅಂತ ನಿಂತಿರ್ತೀನಿ. ಒಂದಿನ ಕೊಡೆ ಮರೆತು ವಾಪಸ್ ಹೋಗಿ, ಎರಡು ಸ್ಟಾಪ್ ಮುಂದೆ ಆಟೋದಲ್ಲಿ ಬಂದು ಹತ್ತಿದೆ. ಎಲ್ಲರ ಕೈಯಲ್ಲೂ ಟಿಕೆಟ್!"

"ಮತ್ತೆ ಕಳ್ಳ ಯಾರಮ್ಮ?" ಎಂದಳು ಮಗಳು.

"ಕಳ್ಳ ಹಿಂದಿನ ಬಸ್ಸಲ್ಲಿದ್ದ. ಟಿಕೆಟ್ ಕೊಡದೆ ದುಡ್ಡು ಜೇಬಿಗಿಳಿಸಿ, ಮಾರ್ಕೆಟ್‌ಗೆ ಮೊದಲೇ ಜನಾನ ಇಳಿಸಿಬಿಡ್ತಿದ್ದ. ಅವನದು ಮಾರ್ಕೆಟ್‌ಗೆ ಬರೋ ಹೊತ್ತಿಗೆ ಖಾಲಿ ಬಸ್ಸು, ಬಲು ಅಚ್ಚುಕಟ್ಟು. ನಾನೇ ಶಹಬ್ಬಾಸ್ ಅಂತ ಬರೆದಿದ್ದೆ." ಅತ್ತೆ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡರು. "ಆ ಏಳನೇ ನಂಬರಿನವನ ಮನೆಗೆ ಹೋಗಿ ತಪ್ಪಾಯ್ತು ಅಂದು ಬಂದೆ. ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡಬೇಕು ಅಳಿಯಂದಿರೇ. ಕಂಡಿದ್ದು ಸುಳ್ಳಲ್ಲ. ನಾವು ನೋಡೋ ಹೊತ್ತು ಸರಿ ಇರಲ್ಲ."

ಅಳಿಯನ ಕೈ ತಟ್ಟೆಯಲ್ಲೇ ನಿಂತಿತು.

ಕಳೆದ ವರ್ಷ ಬೋರ್ಡಿನಲ್ಲಿ ಒಂದು ಟೈಮರ್ ಉಳಿಸೋಣವೆಂದು ಅವನೇ ಜಾಣತನ ಮಾಡಿದ್ದ. ಕಾವಲುಗಾರನನ್ನು ಎಬ್ಬಿಸುವ ಟೈಮರಿಗೇ ಪ್ರೊಫೈಲರನ್ನೂ ನೇತುಹಾಕಿದ್ದ. ಟೈಮರ್ ಟಿಕ್ ಎಂದೊಡನೆ ಕಾವಲುಗಾರ ಎದ್ದು ಬಾಗಿಲು ನೋಡುತ್ತಾನೆ. ಅದೇ ಟಿಕ್‌ಗೆ ಪ್ರೊಫೈಲರೂ ಬಂದು ಇಣುಕುತ್ತದೆ. ಮುಂದಿನ ಟಿಕ್‌ವರೆಗೆ ಯಾರು ಏನು ಕೊಳ್ಳೆ ಹೊಡೆದರೂ ನೋಡುವವರಿಲ್ಲ. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದು ಮೂರು ದಿನ ಕೇಬಲ್ ಬದಲಿಸಿದ್ದ.

ಅಷ್ಟರಲ್ಲಿ ಅವನ ಕಣ್ಣು ತಾನಾಗಿಯೇ ಫ್ರಿಜ್ ಕಡೆ ಹೋಯಿತು. ಅವನ ಕಣ್ಣಿನ ಹಿಂದೆಯೇ ಹೆಂಡತಿಯ ಕಣ್ಣೂ ಹೋಯಿತು. ಅವಳಿಗೆ ತುತ್ತು ನೆತ್ತಿಗೆ ಹತ್ತಿ ಕೆಮ್ಮು ಬಂತು.

"ನಿಧಾನವಾಗಿ ತಿನ್ನು. ನೀರು ಕುಡಿ," ಎಂದರು ಅತ್ತೆ.

'ನೀವೂ ಮಾರ್ಕೆಟ್ ಸ್ಟಾಪಲ್ಲೇ ಹತ್ತುತ್ತಿದ್ದೀರಿ ಅತ್ತೆ' ಎಂದು ಊಟದ ಮೇಜಿನ ಮುಂದೆ ಹೇಳುವ ಧೈರ್ಯ ಯಾವ ಅಳಿಯನಿಗಿದೆ? ಅದೇ ಹೊತ್ತಿಗೆ ಎಂಟು ಗಂಟೆಯಾಗಿ ಎರಡು ಅಲಾರಂಗಳೂ ಹೊಡೆದುಕೊಂಡವು. ಅವನು ಕೈ ತೊಳೆದು ಬಂದು ನೆಲದ ಮೇಲೆ ಮಲಗಿದ. ಅತ್ತೆ ಹನಿ ಹಾಕಿಕೊಂಡು ಪೆನ್ಸಿಲ್ ಎತ್ತಿಕೊಂಡರು.

ಗುರುವಾರ ಬೆಳಿಗ್ಗೆ ಅವನು ಪ್ರೊಫೈಲರಿಗೆ ಬೇರೆಯದೇ ಟೈಮರ್ ಕೊಟ್ಟ. ಒಮ್ಮೆ ಸ್ವಲ್ಪ ಬೇಗ, ಒಮ್ಮೆ ಸ್ವಲ್ಪ ತಡ, ಯಾವ ಲೆಕ್ಕಕ್ಕೂ ಸಿಗದ ಹಾಗೆ ಬರುವಂತೆ ಮಾಡಿದ. ಹತ್ತು ನಿಮಿಷ ಓಡಿಸಿ ನೋಡಿದ. ಕಾವಲುಗಾರ, ನೂರಕ್ಕೆ ಮೂರು. ಎಪ್ಪತ್ತೊಂದು ಪಡೆದು ಮೊದಲ ಸ್ಥಾನದಲ್ಲಿ ನಿಂತಿದ್ದದ್ದು ಬಾಣ. ಏಳು ಬಣ್ಣದ ಬಾಲವನ್ನು ಪ್ರತಿ ಸಲವೂ ಬುಡದಿಂದ ತುದಿಯವರೆಗೆ ಹೊಸದಾಗಿ ಬಳಿಯುತ್ತಿತ್ತು. ಅಷ್ಟು ಹೊತ್ತೂ ಬ್ರೇಕು ಬಾಗಿಲಲ್ಲಿ ಕಾಯುತ್ತ ನಿಂತಿರುತ್ತಿತ್ತು.

ಹತ್ತು ಗಂಟೆಯ ಅಲಾರಂ ಹೊಡೆಯಿತು. ಅವನು ನೆಲದ ಮೇಲೆ ಮಲಗಿ ಒಬ್ಬನೇ ನಗಲು ಶುರುಮಾಡಿದ. ಅತ್ತೆ ಬಂದು ಒಂದು ನಿಮಿಷ ನಿಂತು ನೋಡಿದರು, ಹನಿ ಹಾಕಿಕೊಂಡರು. ಆ ಹೊತ್ತಿನ ದಾಖಲೆ ಹೀಗಿತ್ತು: 'ಮಲಗಿ ನಗುತ್ತಿದ್ದಾರೆ.'

ಇಂಥ ಸುದ್ದಿಯನ್ನು ಫೋನಿನಲ್ಲಿ ಹೇಳಲಾಗುವುದಿಲ್ಲ. ಶುಕ್ರವಾರ ಅವನು ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡು ಆಫೀಸಿಗೆ ಹೋದ. ಲಿಫ್ಟಿನಿಂದ ನಾಲ್ಕು ಬೆರಳು ಇಳಿದು, ಗೋಡೆ ಹಿಡಿದುಕೊಂಡು ಮೇನೇಜರ ಕೋಣೆಗೆ ನಡೆದ.

"ಕಾವಲುಗಾರನನ್ನ ಮುಟ್ಟೋದು ಬೇಡ ಸಾರ್. ಕಳ್ಳ ಅವನಲ್ಲ."

"ಬಾಣ ಅಂತೂ ಅಲ್ವಲ್ಲ?" ಎಂದರು ಮೇನೇಜರು ತಕ್ಷಣ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು. ಅಳಿಯ ನೆಲ ನೋಡಿದ.

"ನಿನ್ನ ಟೂಲೇ ಸರಿಯಿಲ್ಲ ಕಣಯ್ಯಾ. ಸೋಮವಾರ ಒಬ್ಬನ ಹೆಸರು ಹೇಳುತ್ತೆ, ಶುಕ್ರವಾರ ಇನ್ನೊಬ್ಬನದು. ಅದನ್ನ ಹೇಗೆ ನಂಬೋದು?"

"ಅದನ್ನ ನಂಬೋದೇ ಬೇಡ ಸಾರ್. ಬಾಣ ನಿಲ್ಸಿ ಒಂದು ರೌಂಡು ಹೋಗಿ ಬರೋಣ."

ಹೊಸ ಪ್ರೋಗ್ರಾಂ ತುಂಬಿ ಇಬ್ಬರೂ ಲಿಫ್ಟಿನೊಳಗೆ ಹೋದರು. ಬಾಗಿಲು ಮುಚ್ಚುತ್ತಿರುವಾಗ ನೆಲ ಒರೆಸುವ ಅಮ್ಮ ಓಡಿಬಂದು, ಒಂದಿಷ್ಟೂ ಯೋಚಿಸದೆ, ಕೋಲನ್ನು ನಡುವೆ ಚಾಚಿದರು. ಬಾಗಿಲು ಕೋಲಿಗೆ ತಾಗುವ ಮೊದಲೇ ತೆರೆದುಕೊಂಡಿತು. ಆಕೆ ಬಕೆಟ್ ಒಳಗಿಟ್ಟು, "ಐದನೇ ಮಹಡಿ," ಎಂದರು.

ಮೇನೇಜರು ಕೋಲನ್ನು ನೋಡಿದರು, ಅದನ್ನು ಹಿಡಿದಿದ್ದ ಕೈಯನ್ನು ನೋಡಿದರು. ಆಮೇಲೆ ಡಿಸ್‌ಪ್ಲೇ ನೋಡುತ್ತ ನಿಂತರು. ಅಲ್ಲಿ ಎರಡು, ಮೂರು, ನಾಲ್ಕು ಎಂಬ ಬರಿಯ ಸಂಖ್ಯೆಗಳು. ಐದರಲ್ಲಿ ಬಾಗಿಲು ತೆರೆದಾಗ ಲಿಫ್ಟಿನ ನೆಲವೂ ಹೊರಗಿನ ನೆಲವೂ ಒಂದೇ ಸಮಕ್ಕಿದ್ದವು. ಅಮ್ಮ ಅಭ್ಯಾಸಬಲದಿಂದ ಕಾಲನ್ನು ಕೆಳಕ್ಕಿಡಲು ಹೋಗಿ, ನೆಲ ಬೇಗ ಸಿಕ್ಕಿ, ಧೊಪ್ಪನೆ ಹೆಜ್ಜೆ ಊರಿದರು.

"ಸರಿಯಾಗ್ಬಿಟ್ಟಿದೆಯಲ್ಲ ಸಾರ್!" ಎಂದು ಬೈಯುವ ದನಿಯಲ್ಲಿ ಹೇಳಿ ಹೋದರು.

ಮೇನೇಜರು ಇನ್ನೆರಡು ಮಹಡಿಗಳಲ್ಲಿ ಲಿಫ್ಟು ನಿಲ್ಲಿಸಿ, ಹೊಸ್ತಿಲನ್ನು ಬೂಟಿನ ತುದಿಯಿಂದ ಮುಟ್ಟಿ ನೋಡಿದರು. ಹತ್ತು ವರ್ಷ ಸಾಕಿದ್ದನ್ನು ಬಿಡುವುದು ಸುಲಭವಲ್ಲ. ಅಳಿಯನಿಗೂ ಪಾಪ ಎನ್ನಿಸಿತು.

"ಬಾಣ ಇರ್ಲಿ," ಎಂದರು ಕೊನೆಗೆ. "ನಿಂತಲ್ಲೇ ನಿಂತಿರ್ಲಿ. ಬಾಲ ಬೇಡ. ಅದನ್ನ ನಾನೇ ಬರೀತೀನಿ, ನೀನು ಮುಟ್ಬೇಡ. ಕಾವಲುಗಾರ ಹಾಗೇ ಇರ್ಲಿ."

ಗಿರಾಕಿಗಳು ಬಂದರು, ಮೇಲೆ ಕೆಳಗೆ ಹೋದರು, ಯಾರೂ ಮುಗ್ಗರಿಸಲಿಲ್ಲ. ಅಳಿಯ ಮಧ್ಯಾಹ್ನವೇ ಮನೆಗೆ ಬಂದ. ಅತ್ತೆ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ ಕೂತಿದ್ದರು. ಕೈಯಲ್ಲಿ ಬಾಟಲಿ.

"ಕಾವಲುಗಾರ ಉಳ್ಕೊಂಡ ಅತ್ತೆ. ನೀವು ಹೇಳಿದ್ದೇ ಆಗಿತ್ತು." ಅವನು ಲಿಫ್ಟಿನ ಸಂತೋಷದಲ್ಲೇ ಇದ್ದ, ಬೇರೆ ಯಾವ ಕುಹಕವೂ ಮನಸ್ಸಿನಲ್ಲಿರಲಿಲ್ಲ. "ಇಬ್ಬರೂ ಒಂದೇ ಗಡಿಯಾರ ನೋಡ್ಕೊಂಡು ನಡೀತಿದ್ರು. ಇವನು ಏಳೋ ಹೊತ್ತಿಗೇ ಅವನೂ ಬಂದು ನೋಡೋನು. ಅದಕ್ಕೇ ಯಾವಾಗ ನೋಡಿದ್ರೂ ಇವನೇ ಸಿಗ್ತಿದ್ದ, ಪಾಪ."

"ಒಂದೇ ಗಡಿಯಾರ," ಎಂದರು ಅತ್ತೆ.

ಹನಿ ಕಣ್ಣಿಗೆ ಬೀಳದೆ ಕೆನ್ನೆಗೆ ಬಿತ್ತು. ಅವರು ಅದನ್ನು ಒರೆಸಿಕೊಂಡು ಇನ್ನೊಂದು ಹನಿ ಹಾಕಿಕೊಂಡರು. ಬಾಟಲಿಯನ್ನು ಒಳಗಿಟ್ಟು, ಪೆನ್ಸಿಲ್ ಮುಟ್ಟದೆ ಕೋಣೆಗೆ ಹೋದರು. ಆ ದಿನ ರೇಡಿಯೋ ಹಾಕಲಿಲ್ಲ.

ಸೋಮವಾರ ಅಳಿಯ ಹೊಸ ಕೆಲಸ ಹಿಡಿದು ಕೂತ. ಫ್ರಿಜ್ ಕಡೆಗೆ ಬೆನ್ನು, ಮುಖ ಕಂಪ್ಯೂಟರಿಗೆ. ಮೂರು ಗಂಟೆಗೆ ಮಲಗಿದಾಗ ಕಣ್ಣು ಹತ್ತಿತ್ತೋ ಏನೋ. ಎದ್ದಾಗ ಮೊಣಕಾಲುಗಳ ಕೆಳಗೆ ಒಂದು ದಿಂಬಿತ್ತು. ತಾನು ಇಟ್ಟುಕೊಂಡ ನೆನಪಿರಲಿಲ್ಲ. ಹೆಂಡತಿ ಕ್ಲಿನಿಕ್ಕಿನಲ್ಲಿದ್ದಳು. ನಾಲ್ಕೂವರೆ ದಾಟಿದ ಮೇಲೆ ಬಾಯಾರಿ ಫ್ರಿಜ್ ಬಳಿ ಹೋದ.

ಹೊಸ ಕಾಗದ ಅಂಟಿಸಿತ್ತು. ಮೊದಲ ಕಾಲಂ ನೋಡಿದರೆ, ಗಂಟೆಗೊಂದು ಹನಿಯ ಸಾಲುಗಳ ನಡುನಡುವೆ ತಲೆಬುಡವಿಲ್ಲದ ಸಮಯಗಳು: 9.13, 9.50, 10.22, 11.41. ಅವುಗಳ ಮುಂದೆ ಹನಿಯ ಕಾಲಂ ಖಾಲಿ. ಮೂರನೆಯ ಕಾಲಂ ಮಾತ್ರ ತುಂಬಿತ್ತು. ಕೆಲಸ ಮಾಡುತ್ತಿದ್ದಾರೆ. ಕೆಲಸ ಮಾಡುತ್ತಿದ್ದಾರೆ. ಫೋನಿನಲ್ಲಿ ಬೈಸಿಕೊಳ್ಳುತ್ತಿದ್ದಾರೆ. ಕೆಲಸ ಮಾಡುತ್ತಿದ್ದಾರೆ, ಸೊಂಟ ಹಿಡಿದುಕೊಂಡು. ಮೂರು ಗಂಟೆಯ ಮುಂದೆ ಹನಿಗೆ ಒಂದು ಗುರುತು, ಪಕ್ಕದಲ್ಲಿ 'ಮಲಗಿದ್ದಾರೆ', ಅದರ ಪಕ್ಕ ಚಿಕ್ಕ ಅಕ್ಷರದಲ್ಲಿ 'ಬೆನ್ನು'.

ಕೊನೆಯ ಸಾಲು 4.37ರದ್ದು. ಅವನು ಗೋಡೆಯ ಗಡಿಯಾರ ನೋಡಿದ. ನಾಲ್ಕು ಮೂವತ್ತೆಂಟು. ಕೋಣೆಯ ಬಾಗಿಲು ಮುಚ್ಚಿತ್ತು. ಫ್ರಿಜ್ ಹಿಡಿಗೆ ದಾರದಲ್ಲಿ ಕಟ್ಟಿದ್ದ ಪೆನ್ಸಿಲ್ ಇನ್ನೂ ಅಲ್ಲಾಡುತ್ತಿತ್ತು.